ಐನ್‌ಮನೆಯ ಅಟ್ಟದಲ್ಲಿರುವ ಕೈಕೆತ್ತನೆಯ ಮರದ ಸಾಮಾನುಗಳನ್ನು ಏನು ಮಾಡಬೇಕು?

ಕೈಯಾಲೆ (ವಿರಾಜಪೇಟೆ ಕಡೆ)

ಕೊಡಗಿನ ನಮ್ಮ ಒಕ್ಕದ (ಮನೆತನದ) ಐನ್‌ಮನೆಯ (ಹಿರಿಯರ ಮೂಲಮನೆಯ) ಮಾಡು ಬಿಚ್ಚಿ, ಕೊಳೆತ ರೀಪುಗಳನ್ನು ಬದಲಿಸಿ, ಮತ್ತೆ ಹೆಂಚು ಹೊದೆಸುವ ಕೆಲಸ ಬರುವ ಬೇಸಿಗೆಯಲ್ಲಿ ನಡೆಯಲಿದೆ. ಅದಕ್ಕೂ ಮೊದಲು ಅಡುಗೆಮನೆಯ ಮೇಲಿನ ಅಟ್ಟ ಖಾಲಿಯಾಗಬೇಕು. ಅಲ್ಲಿ ತಲೆಮಾರುಗಳಿಂದ ಸೇರಿಕೊಂಡಿರುವ ಮರದ ಸಾಮಾನುಗಳ ವಿಷಯದಲ್ಲಿ ಒಕ್ಕದ ಸಭೆಯಲ್ಲಿ ಒಮ್ಮತ ಮೂಡಲಿಲ್ಲವಾದ್ದರಿಂದ, ತಿಳಿದವರ ಅಭಿಪ್ರಾಯ ಕೇಳಿಕೊಂಡೇ ಮುಂದುವರಿಯಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಇರುವ ವಸ್ತುಗಳು ಇವು: ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರದ ಒರಳು, ಅದರ ದಂಡ ಮತ್ತು ರಂಧ್ರಗಳಿರುವ ಹಿತ್ತಾಳೆಯ ಬಿಲ್ಲೆ, ಒಂದು ದೊಡ್ಡ ಮರಿಗೆ (ಕುಳಿ ತೋಡಿದ ಮರದ ಪಾತ್ರೆ), ಒಂದು ಉಪ್ಪಿನ ಮರಿಗೆ, ಮದುವೆಯ ಮುಹೂರ್ತದಲ್ಲಿ ವಧೂವರರನ್ನು ಕೂರಿಸುತ್ತಿದ್ದ ಮುಕ್ಕಾಲಿ, ಭತ್ತ ಮತ್ತು ಅಕ್ಕಿ ಅಳೆಯುವ ಸೇರು, ಪಾವುಗಳು, ತಲೆಯ ಭಾಗವನ್ನು ಹೂವಿನಂತೆ ಕೆತ್ತಿದ ಕಡೆಗೋಲು, ದನದ ಕೊರಳಿಗೆ ಕಟ್ಟುವ ಮರದ ಗಂಟೆಗಳು, ಒಂದು ಚೆನ್ನೆಮಣೆ. ಇವುಗಳ ಜೊತೆಗೆ, ಹಿಂದೊಮ್ಮೆ ಮನೆಯ ಪಕ್ಕದ ಕೋಣೆಯನ್ನು ಕೆಡವಿದಾಗ ತೆಗೆದಿಟ್ಟ, ಬಳ್ಳಿಯ ಕೆತ್ತನೆಯಿರುವ ಬಾಗಿಲವಾಡ (ಬಾಗಿಲಿನ ಚೌಕಟ್ಟು) ಒಂದಿದೆ. ಕೆಲವಕ್ಕೆ ಕುಟ್ಟೆ ಹುಳು ಹಿಡಿದಿದೆ. ಎಲ್ಲವೂ ಹೊಗೆಯಿಂದ ಕಪ್ಪಾಗಿವೆ.

ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಬಂದು ನೋಡಿ ಹೋಗಿದ್ದಾರೆ. ಅವರಿಗೆ ಕೊಟ್ಟುಬಿಡೋಣ, ಆ ಹಣ ಮಾಡಿನ ಕೆಲಸಕ್ಕೆ ಒದಗುತ್ತದೆ ಎಂಬುದು ಒಂದು ಪಕ್ಷ. ಬೆಂಗಳೂರಿನಲ್ಲಿರುವ ಕಿರಿಯರು ಚೆನ್ನಾಗಿ ಉಜ್ಜಿ ವಾರ್ನಿಷ್ ಹೊಡೆಸಿ ತಮ್ಮ ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳಲು ಬಯಸುತ್ತಾರೆ. ವಸ್ತುಸಂಗ್ರಹಾಲಯಕ್ಕೆ ಕೊಡಬೇಕೆಂಬುದು ಹಿರಿಯರೊಬ್ಬರ ಮಾತು. ಬೆಲೆ ಕಟ್ಟಿಕೊಡಿ ಎಂದು ನಾನು ಕೇಳುತ್ತಿಲ್ಲ. ಇವುಗಳ ಮರ ಯಾವುದು, ಕೈಕೆಲಸವನ್ನು ಗುರುತಿಸುವುದು ಹೇಗೆ, ಕೆಡದಂತೆ ಇಟ್ಟುಕೊಳ್ಳುವುದು ಹೇಗೆ, ಮತ್ತು ಎಲ್ಲಿ ಇದ್ದರೆ ಇವುಗಳಿಗೆ ನ್ಯಾಯ ಸಲ್ಲುತ್ತದೆ ಎಂಬುದನ್ನು ತಿಳಿಯಬೇಕಾಗಿದೆ.

ಉಳಿ ಮತ್ತು ಕೊಡತಿ (ನಾಪೋಕ್ಲು)

ಅಕ್ಕನವರೇ, ನಾನು ಮರಗೆಲಸದವನು. ನಮ್ಮ ಮನೆತನದಲ್ಲಿ ಹಿಂದಿನಿಂದಲೂ ಇದೇ ಕಸುಬು. ಕೊಡಗಿನ ಊರುಗಳಲ್ಲಿ ನೇಗಿಲು, ನೊಗದಿಂದ ಹಿಡಿದು ಐನ್‌ಮನೆಯ ಕಂಬ ಮತ್ತು ಐಮರದವರೆಗೆ (ಜಗಲಿಯ ಕಂಬಗಳ ನಡುವೆ ಕೂರಲು ಹಾಕುವ ದಪ್ಪ ಹಲಗೆ) ಬಹುಪಾಲು ಕೆಲಸ ಮಾಡಿದವರು ಐರಿ ಸಮುದಾಯದ ಹಿರಿಯರು; ಮರದ ಕೆಲಸ, ಕಬ್ಬಿಣದ ಕೆಲಸ ಎರಡೂ ಅವರ ಕೈಯಲ್ಲೇ ಇದ್ದುದರಿಂದ ತಮಗೆ ಬೇಕಾದ ಉಳಿ, ಬಾಚಿಗಳನ್ನು ತಾವೇ ಕಾಯಿಸಿ ತಟ್ಟಿಕೊಳ್ಳುತ್ತಿದ್ದರು. ಕುಳಿ ತೆಗೆಯುವ ಬಾಗಿದ ಉಳಿ ಅಂಗಡಿಯಲ್ಲಿ ಸಿಗುವ ಅಳತೆಯದಲ್ಲ, ಆ ಕೈಗೆ ಹೊಂದುವ ಅಳತೆಯದು. ಆದ್ದರಿಂದಲೇ ಒಬ್ಬರು ಮಾಡಿದ ಮರಿಗೆಯ ಒಳಮೈ ಇನ್ನೊಬ್ಬರದರಂತೆ ಇರುವುದಿಲ್ಲ.

ಮರದ ಗುರುತಿಗೆ ಮೇಲಿನ ಬಣ್ಣವನ್ನು ನಂಬಬೇಡಿ. ಹೊಗೆ ಕುಡಿದ ಮರವೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತದೆ. ಬುಡದಲ್ಲಿ, ಕಣ್ಣಿಗೆ ಬೀಳದ ಕಡೆ, ಉಗುರಿನಷ್ಟು ಜಾಗವನ್ನು ಚೂಪಾದ ಚಾಕುವಿನಿಂದ ಹೆರೆದು ನೋಡಿ. ಹಲಸು ಹೊಸದಾಗಿ ಕೊಯ್ದಾಗ ಅಚ್ಚ ಹಳದಿಯಾಗಿದ್ದು, ಗಾಳಿ ಬೆಳಕಿಗೆ ಬರಬರುತ್ತಾ ಕೆಂಪುಗಂದಾಗುತ್ತದೆ. ಹಳೆಯ ಸಾಮಾನಿನಲ್ಲಿಯೂ ಹೆರೆದ ಜಾಗದಲ್ಲಿ ಆ ಹಳದಿಯ ಎಳೆ ಕಾಣಿಸುವುದುಂಟು. ಬೀಟೆಯಾದರೆ ಕಪ್ಪು ನೇರಳೆ ಗೆರೆಗಳು, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ತೂಕ. ನೀವು ಹೇಳಿದ ಮರಿಗೆ ಹಲಸಿನದೋ ಹೆಬ್ಬಲಸಿನದೋ ಆಗಿರಬಹುದೆಂದು ನನ್ನ ಊಹೆ, ಆದರೆ ನೋಡದೆ ನಿಶ್ಚಯವಾಗಿ ಹೇಳಲಾರೆ.

ಕೈಕೆಲಸಕ್ಕೂ ಯಂತ್ರದ ಕೆಲಸಕ್ಕೂ ಇರುವ ವ್ಯತ್ಯಾಸ ನೋಡಬೇಕಾದರೆ ಅಂದವಾದ ಮುಂಭಾಗವನ್ನು ಬಿಟ್ಟು, ಯಾರೂ ನೋಡುವುದಿಲ್ಲವೆಂದು ಕೆಲಸಗಾರ ನಯ ಮಾಡದೆ ಉಳಿಸಿದ ಹಿಂಬದಿಯನ್ನು ನೋಡಬೇಕು. ಬಾಚಿಯ ಏಟಿನ ಗುರುತುಗಳು ಅಲ್ಲಿ ಸಣ್ಣ ಸಣ್ಣ ತಗ್ಗುಗಳಾಗಿ, ಒಂದು ಉದ್ದ, ಒಂದು ಗಿಡ್ಡ, ಕೈ ಬೀಸಿದ ದಿಕ್ಕಿಗೇ ಓರೆಯಾಗಿ ಉಳಿದಿರುತ್ತವೆ. ಕೈಗರಗಸದ ಗೆರೆಗಳು ನೇರವಾಗಿದ್ದರೂ ಒಂದರಿಂದೊಂದಕ್ಕೆ ದೂರ ಹೆಚ್ಚು ಕಡಿಮೆ ಇರುತ್ತದೆ. ಮಿಲ್ಲಿನ ದುಂಡು ಗರಗಸವಾದರೆ ಬಿಲ್ಲಿನಂತೆ ಬಾಗಿದ, ಒಂದೇ ಅಂತರದ ಗೆರೆಗಳು. ಬಾಗಿಲವಾಡದ ಬಳ್ಳಿಯಲ್ಲಿ ಎಡಗಡೆಯ ಎಲೆಗೂ ಬಲಗಡೆಯ ಎಲೆಗೂ ಕೂದಲೆಳೆಯ ವ್ಯತ್ಯಾಸವಿದ್ದು, ಮೂಲೆಗಳು ಉಳಿಯ ತುದಿಯಿಂದ ಚೂಪಾಗಿ ಮುಗಿದಿದ್ದರೆ ಅದು ಕೈಯ ಕೆತ್ತನೆ. ಯಂತ್ರದ ಮೊನೆ ತಿರುಗುವುದರಿಂದ ಒಳಮೂಲೆಗಳನ್ನೆಲ್ಲ ಒಂದೇ ಸಮ ದುಂಡಾಗಿಸುತ್ತದೆ.

ಸೇರು, ಪಾವುಗಳನ್ನು ಅಳೆದು ನೋಡಿ. ಬಾಯಿಯ ಅಗಲವನ್ನು ಒಮ್ಮೆ ಮರದ ಎಳೆಯ ಉದ್ದಕ್ಕೆ, ಇನ್ನೊಮ್ಮೆ ಅಡ್ಡಕ್ಕೆ ಅಳೆಯಿರಿ. ಮರ ಒಣಗುವಾಗ ಎಳೆಯ ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಕಡಚಲು (ಮರವನ್ನು ತಿರುಗಿಸುತ್ತಾ ಕಡೆಯುವ ಸಾಧನ) ಹಿಡಿದು ವೃತ್ತಾಕಾರವಾಗಿ ಮಾಡಿದ ಪಾತ್ರೆ ಎಷ್ಟೋ ವರ್ಷ ಕಳೆದ ಮೇಲೆ ತುಸು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಹಳೆಯದೆಂದು ಹೇಳಿ ಮಾರುವ ಹೊಸ ಸಾಮಾನಿನಲ್ಲಿ ಬಣ್ಣವನ್ನು ತರಿಸಬಹುದು, ಈ ಕುಗ್ಗುವಿಕೆಯನ್ನು ತರಿಸುವುದು ಕಷ್ಟ.

ಒಂದು ಬೇಡಿಕೆಯಿದೆ. ನೀವು ಯಾರಿಗೆ ಕೊಟ್ಟರೂ, ಕೊಡುವ ಮೊದಲು ನನ್ನಂಥ ಒಬ್ಬ ಕೆಲಸಗಾರನಿಗೆ ಅವನ್ನು ತೋರಿಸಿ. ನೂಪುಟ್ಟಿನ ಒರಳಿನ ಒಳಕುಳಿ ಕೂದಲಷ್ಟು ಓರೆಯಾದರೂ ಬಿಸಿ ಹಿಟ್ಟಿನ ಮೇಲೆ ದಂಡ ಸಿಕ್ಕಿಕೊಂಡು ಬಿಡುತ್ತದೆ. ಅಷ್ಟು ಉದ್ದದ ಕುಳಿಯನ್ನು ಕೈಯಿಂದ ಹೇಗೆ ನೇರವಾಗಿ ತೆಗೆದರೆಂಬುದು ಬಾಯಿಮಾತಿನಲ್ಲಿ ನಮ್ಮವರೆಗೆ ಬಂದಿಲ್ಲ. ಅದನ್ನು ಹೇಳಬಲ್ಲದ್ದು ಆ ಒರಳು ಮಾತ್ರ.

ಕೈಯಾಲೆ (ವಿರಾಜಪೇಟೆ ಕಡೆ)

ಬಹಳ ಉಪಕಾರವಾಯಿತು. ಸೇರನ್ನು ಅಳೆದು ನೋಡಿದೆ. ಎರಡು ಅಗಲಗಳ ನಡುವೆ ಸ್ಪಷ್ಟವಾದ ವ್ಯತ್ಯಾಸವಿದೆ. ಮರಿಗೆಯ ಬುಡವನ್ನು ಹೆರೆದಾಗ ಹಳದಿ ಕಂಡಿತು. ಮುಕ್ಕಾಲಿ ಒಂದೇ ದಿಮ್ಮಿಯಿಂದ ಕಡೆದದ್ದು, ಕಾಲುಗಳನ್ನು ಬೇರೆಯಾಗಿ ಕೂರಿಸಿದ್ದಲ್ಲ. ಕುಟ್ಟೆ ಹಿಡಿದದ್ದಕ್ಕೆ ಏನು ಮಾಡಬೇಕು? ಬಿಸಿಲಿಗೆ ಹಾಕಿದರೆ ಸಾಕೆಂದು ಮನೆಯಲ್ಲಿ ಹೇಳುತ್ತಾರೆ.

ಮೈಸೂರಿನಿಂದ, ಸಂರಕ್ಷಣಾ ವಿದ್ಯಾರ್ಥಿನಿ (ಊರು ಸೋಮವಾರಪೇಟೆ)

ದಯವಿಟ್ಟು ಬಿಸಿಲಿಗೆ ಹಾಕಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಷ್ಟು ಕಾಲ ಒಂದೇ ಹದದಲ್ಲಿದ್ದ ಮರವನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಿದರೆ ಮೇಲ್ಮೈ ಬೇಗ ಒಣಗಿ, ಒಳಭಾಗ ಹಾಗೆಯೇ ಉಳಿದು, ಆ ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೂ ಫೆಬ್ರವರಿ, ಮಾರ್ಚ್‌ನ ಒಣಹವೆಗೂ ಇರುವ ಅಂತರ ದೊಡ್ಡದು. ಮರದ ವಸ್ತುವಿಗೆ ಆ ಏರಿಳಿತವೇ ಮೊದಲ ಶತ್ರು. ಮನೆಯ ಒಳಕೋಣೆಯಲ್ಲಿ, ನೆಲಕ್ಕೆ ಮತ್ತು ಹೊರಗೋಡೆಗೆ ತಾಗದಂತೆ, ಹಲಗೆಯ ಮೇಲೆ ಗಾಳಿಯಾಡುವ ಹಾಗೆ ಇಡುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಬರುವುದು ಖಚಿತ.

ಕುಟ್ಟೆಯ ವಿಷಯದಲ್ಲಿ, ರಂಧ್ರಗಳಿವೆ ಎಂದ ಮಾತ್ರಕ್ಕೆ ಹುಳು ಇದೆಯೆಂದು ಅರ್ಥವಲ್ಲ. ರಂಧ್ರವು ಬೆಳೆದ ಹುಳು ಹೊರಗೆ ಹೋದ ದಾರಿ. ಅದು ಬಹಳ ಹಿಂದೆಯೇ ಹೋಗಿರಬಹುದು. ವಸ್ತುವನ್ನು ಕಪ್ಪು ಕಾಗದದ ಮೇಲಿಟ್ಟು ಮೆಲ್ಲಗೆ ತಟ್ಟಿ, ಕೆಲವು ವಾರ ಅಲ್ಲಿಯೇ ಬಿಟ್ಟು ಗಮನಿಸಿ. ಕಾಗದದ ಮೇಲೆ ಮತ್ತೆ ಮತ್ತೆ ಬಿಳಿಯ ಹಿಟ್ಟು ಉದುರುತ್ತಿದ್ದರೆ ಮಾತ್ರ ಹುಳು ಜೀವಂತವಾಗಿದೆ. ಅಂಥದ್ದನ್ನು ಕೂಡಲೇ ಉಳಿದವುಗಳಿಂದ ಬೇರೆ ಮಾಡಬೇಕು. ಕಡೆಗೋಲು, ಗಂಟೆ, ಪಾವುಗಳಂಥ ಸಣ್ಣ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಶೈತ್ಯದ ಕ್ರಮವನ್ನು ಬಳಸುತ್ತಾರೆ: ಗಾಳಿ ತೆಗೆದ ಪಾಲಿಥಿನ್ ಚೀಲದಲ್ಲಿ ಮುಚ್ಚಿ, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಒಂದೆರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚದೆ ಕೋಣೆಯ ಹದಕ್ಕೆ ಬರುವವರೆಗೆ ಕಾಯುತ್ತಾರೆ. ಚೀಲವನ್ನು ಬೇಗ ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಹನಿಗಟ್ಟುತ್ತದೆ. ಬಣ್ಣ ಬಳಿದ ಅಥವಾ ಲೋಹದ ಪಟ್ಟಿಯನ್ನು ಬಿಗಿಯಾಗಿ ಕೂರಿಸಿದ ವಸ್ತುಗಳಿಗೆ ಇದನ್ನು ಮನೆಯಲ್ಲಿ ಪ್ರಯೋಗಿಸದಿರುವುದು ಕ್ಷೇಮ.

ವಾರ್ನಿಷ್ ಬಗ್ಗೆ ಬೆಂಗಳೂರಿನ ಕಿರಿಯರಿಗೆ ನನ್ನ ವಿನಂತಿಯನ್ನು ತಲುಪಿಸಿ. ಉಪ್ಪುಕಾಗದ ಹಾಕಿ ಉಜ್ಜುವಾಗ ಹೋಗುವುದು ಹೊಗೆಯ ಕಪ್ಪು ಮಾತ್ರವಲ್ಲ. ಮೇಲೆ ನಾಪೋಕ್ಲಿನವರು ವಿವರಿಸಿದ ಬಾಚಿಯ ಗುರುತು, ಉಳಿಯ ಗೆರೆ, ಮುಕ್ಕಾಲಿಯ ಅಂಚಿನಲ್ಲಿ ಕೈ ತಾಗಿ ತಾಗಿ ಬಂದ ನಯ, ಎಲ್ಲವೂ ಆ ಮೇಲ್ಮೈಯ ಒಂದು ಮಿಲಿಮೀಟರಿನೊಳಗೇ ಇವೆ. ಒಮ್ಮೆ ಹೋದರೆ ಮತ್ತೆ ಬರುವಂಥದ್ದಲ್ಲ. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದು, ಒಣಬಟ್ಟೆಯಿಂದ ಒರೆಸಿದರೆ ಸಾಕು. ನೀರು, ಸೋಪು ಬೇಡ. ಎಣ್ಣೆಯೂ ಬೇಡ, ಅದು ಧೂಳನ್ನು ಹಿಡಿದಿಟ್ಟು ಕಾಲಕ್ರಮದಲ್ಲಿ ಅಂಟಾಗುತ್ತದೆ.

ಉಳಿ ಮತ್ತು ಕೊಡತಿ (ನಾಪೋಕ್ಲು)

ತಂಗಿ ಹೇಳಿದ ಮಾತುಗಳಲ್ಲಿ ಎಣ್ಣೆಯದೊಂದನ್ನು ಬಿಟ್ಟು ಉಳಿದುದನ್ನು ಒಪ್ಪುತ್ತೇನೆ. ಗಾಜಿನ ಪೆಟ್ಟಿಗೆಯಲ್ಲಿ ಇಡುವ ವಸ್ತುವಿಗೆ ಎಣ್ಣೆ ಬೇಡ, ಸರಿ. ಆದರೆ ದಿನವೂ ಕೈಯಲ್ಲಿ ಓಡಾಡುವ ಮರಿಗೆಗೆ, ಒರಳಿಗೆ ಕೊಬ್ಬರಿ ಎಣ್ಣೆಯ ಕೈ ಸವರುವುದು ಮನೆಮನೆಯ ರೂಢಿ, ಮತ್ತು ನೀರು ತಾಗುವ ಮರ ಬಿರಿಯದಂತೆ ಅದು ಕಾಪಾಡಿದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮಾತ್ರ ಅಡುಗೆಯ ಸಾಮಾನಿಗೆ ಎಂದಿಗೂ ಬಳಸಬಾರದು. ಅದು ಮೈ ಸುಡುವಂಥದ್ದು, ಜಂತಿ, ರೀಪುಗಳಿಗೆ ಮಾತ್ರ ತಕ್ಕದ್ದು.

ಸಂರಕ್ಷಣಾ ವಿದ್ಯಾರ್ಥಿನಿ

ಅಣ್ಣಾ, ಬಳಕೆಯಲ್ಲಿರುವ ವಸ್ತುವಿಗೆ ನೀವು ಹೇಳಿದ್ದೇ ಸರಿ. ನಾನು ಬಳಕೆಯಿಂದ ಹೊರಗುಳಿದವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಹಾಗಾದರೆ ಯಾವುದನ್ನು ಬಳಸುವುದು, ಯಾವುದನ್ನು ಇಡುವುದು ಎಂಬುದನ್ನು ಒಕ್ಕದವರು ಮೊದಲೇ ನಿರ್ಧರಿಸಬೇಕಾಗುತ್ತದೆ, ಏಕೆಂದರೆ ಎರಡರ ಆರೈಕೆ ಬೇರೆ ಬೇರೆ.

ಅತಿಥಿಮನೆ (ಮಡಿಕೇರಿ)

ನಾನು ಪ್ರವಾಸಿಗರಿಗೆ ವಸತಿ ನೀಡುವ ಸಣ್ಣ ಹೋಂಸ್ಟೇ ನಡೆಸುತ್ತೇನೆ. ಮೇಲಿನ ಚರ್ಚೆಯಲ್ಲಿ ವ್ಯಾಪಾರಿಗೆ ಕೊಡುವುದು ತಪ್ಪೆಂಬ ಭಾವ ಎದ್ದು ಕಾಣುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನು ಹೇಳಬೇಕೆನಿಸಿತು. ಐನ್‌ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವುದು ಅಗ್ಗದ ಕೆಲಸವಲ್ಲ. ಪಾಲುದಾರರು ಹತ್ತಾರು ಊರುಗಳಲ್ಲಿ ಹಂಚಿಹೋಗಿರುವಾಗ ಅಟ್ಟದ ಮೇಲಿನ ಬಾಗಿಲವಾಡವನ್ನು ನೋಡುವವರು ಯಾರು? ನನ್ನಂಥವರು ಅದನ್ನು ಸರಿಯಾದ ಬೆಲೆಗೆ ಕೊಂಡು ಮುಂಬಾಗಿಲಿಗೆ ಕೂರಿಸಿದರೆ, ಬರುವ ಪ್ರತಿಯೊಬ್ಬರೂ ಅದನ್ನು ಮುಟ್ಟಿ ನೋಡುತ್ತಾರೆ, ಕೇಳುತ್ತಾರೆ, ನಾವು ಹೇಳುತ್ತೇವೆ. ಗೆದ್ದಲು ತಿನ್ನುವುದಕ್ಕಿಂತ ಅದು ಒಳ್ಳೆಯದಲ್ಲವೇ? ಕೈಯಾಲೆಯವರು ಕೊಡುವುದಾದರೆ ಬಾಗಿಲವಾಡವನ್ನು ಕೊಳ್ಳಲು ನಾನು ಸಿದ್ಧನಿದ್ದೇನೆಂದು ಇಲ್ಲಿಯೇ ಎಲ್ಲರ ಮುಂದೆ ಹೇಳುತ್ತೇನೆ.

ನಿವೃತ್ತ ಮೇಷ್ಟ್ರು (ಶನಿವಾರಸಂತೆ)

ಅತಿಥಿಮನೆಯವರ ಮಾತಿನಲ್ಲಿ ಪ್ರಾಮಾಣಿಕತೆ ಇದೆ. ಗೆದ್ದಲಿಗೆ ಹೋಗುವುದಕ್ಕಿಂತ ನಾಲ್ಕು ಜನ ನೋಡುವಲ್ಲಿ ಇರುವುದು ಮೇಲೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲವಾಡವು ಉಳಿದ ವಸ್ತುಗಳಂತಲ್ಲ. ಅದು ಮನೆಯ ಭಾಗ. ಕೈಯಾಲೆಯ (ಮುಂದಿನ ಜಗಲಿಯ) ಕಂಬಗಳು, ಐಮರ, ನೆಲ್ಲಕ್ಕಿ ನಡುಬಾಡೆಗೆ (ನಡುಮನೆಗೆ) ಹೋಗುವ ಬಾಗಿಲು, ಇವುಗಳ ಕೆತ್ತನೆಯಲ್ಲಿ ಒಂದೇ ಕೈಯ ಬಳ್ಳಿ, ಒಂದೇ ಕೈಯ ಹೂವು ಮುಂದುವರಿದಿರುತ್ತದೆ. ಒಂದನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಅಲ್ಲಿ ಅದು ಅಲಂಕಾರವಾಗುತ್ತದೆಯೇ ಹೊರತು ಯಾವ ಮನೆಯ ಯಾವ ದಿಕ್ಕಿನ ಬಾಗಿಲೆಂಬುದು ಅಳಿಸಿಹೋಗುತ್ತದೆ. ಕಕ್ಕಬ್ಬೆಯ ಬಳಿ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಲಾರಂಭಿಸಿದ ನಾಲ್ಕುನಾಡು ಅರಮನೆಯನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಅಲ್ಲಿಯ ಕೆತ್ತನೆಯ ಕಂಬಗಳೂ ಬಣ್ಣದ ಚಿತ್ರಗಳೂ ಇದ್ದಲ್ಲಿಯೇ ಇರುವುದರಿಂದ ನೋಡುವವರಿಗೆ ಒಂದು ಕಾಲದ ಮನೆಗಟ್ಟುವ ಕ್ರಮವೇ ಕಣ್ಣಿಗೆ ಬೀಳುತ್ತದೆ. ಮಾಡಿನ ಕೆಲಸ ಹೇಗೂ ನಡೆಯಲಿರುವುದರಿಂದ, ಆ ವಾಡವನ್ನು ಮತ್ತೆ ಅದೇ ಮನೆಯ ಒಂದು ಗೋಡೆಗೆ ಸೇರಿಸಲು ಸಾಧ್ಯವೇ ಎಂದು ಒಕ್ಕದವರು ಮೊದಲು ಯೋಚಿಸಲಿ.

ವಸ್ತುಸಂಗ್ರಹಾಲಯದ ವಿಷಯ. ಮಡಿಕೇರಿ ಕೋಟೆಯೊಳಗೆ, ಹಿಂದೆ ಸೇಂಟ್ ಮಾರ್ಕ್ಸ್ ಚರ್ಚ್ ಆಗಿದ್ದ ಕಟ್ಟಡದಲ್ಲಿ ಸರ್ಕಾರಿ ಸಂಗ್ರಹಾಲಯವಿದೆ. ಅಲ್ಲಿ ಶಿಲ್ಪಗಳು, ವೀರಗಲ್ಲುಗಳು, ಆಯುಧಗಳು ಮುಖ್ಯ. ದಿನಬಳಕೆಯ ಜನಪದ ವಸ್ತುಗಳಿಗೆಂದೇ ಕಟ್ಟಿದ ಸಂಗ್ರಹ ನೋಡಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದವರು 1968ರಲ್ಲಿ ಆರಂಭಿಸಿದ, ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ, ಇಲ್ಲವೇ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕಕ್ಕೆ ಹೋಗಬೇಕು. ಕೊಡುವುದಾದರೆ ವಸ್ತುವಿನೊಂದಿಗೆ ಅದರ ವಿವರವನ್ನೂ ಬರೆದು ಕೊಡಿ, ದಾಖಲೆ ಪುಸ್ತಕದಲ್ಲಿ ನಮೂದಾದ ಸಂಖ್ಯೆಯನ್ನು ಕೇಳಿ ಪಡೆಯಿರಿ. ವಿವರವಿಲ್ಲದ ಮರಿಗೆ ಸಂಗ್ರಹಾಲಯದ ಕಪಾಟಿನಲ್ಲಿಯೂ ಬರಿಯ ಮರದ ಪಾತ್ರೆಯಾಗಿಯೇ ಉಳಿಯುತ್ತದೆ.

ಈ ವಿವರದ ಕೆಲಸವನ್ನು ನಾನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಮನೆಗಳ ಜೊತೆಗೆ ಅವುಗಳೊಳಗಿನ ಹಳೆಯ ಸಾಮಾನುಗಳೂ ಮಣ್ಣಾದವು, ಮತ್ತು ಬಹಳಷ್ಟು ಕುಟುಂಬಗಳ ಬಳಿ ಅವುಗಳ ಒಂದು ಛಾಯಾಚಿತ್ರವೂ ಉಳಿಯಲಿಲ್ಲ. ಆದ್ದರಿಂದ ಅಟ್ಟದಿಂದ ಇಳಿಸಿದ ದಿನವೇ ಪ್ರತಿಯೊಂದನ್ನೂ ಅಳತೆಪಟ್ಟಿಯ ಪಕ್ಕದಲ್ಲಿಟ್ಟು, ಮುಂದೆ, ಹಿಂದೆ, ಬುಡ, ಒಳಭಾಗ, ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ. ಮನೆಯವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಯಾರು ಬಳಸುತ್ತಿದ್ದರು, ವರ್ಷದ ಯಾವ ಹೊತ್ತಿನಲ್ಲಿ ಕೆಳಗಿಳಿಯುತ್ತಿತ್ತು, ಎಲ್ಲಿ ಒಡೆದು ಯಾವುದರಿಂದ ತೇಪೆ ಹಾಕಿದ್ದಾರೆ, ಇಷ್ಟನ್ನೂ ಒಕ್ಕದ ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಳ್ಳಿ. ಸೇರು, ಪಾವುಗಳಲ್ಲಿ ಅಕ್ಕಿ ತುಂಬಿ ಇಂದಿನ ಲೀಟರಿನಲ್ಲಿ ಎಷ್ಟಾಗುತ್ತದೆಂದು ಅಳೆದು ಬರೆಯಿರಿ. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ದೇಶಕ್ಕೆಲ್ಲ ಒಂದಾಯಿತು. ಅದಕ್ಕಿಂತ ಮೊದಲು ಸೇರೆಂಬುದು ಊರಿಂದೂರಿಗೆ ಬೇರೆಯಾಗಿದ್ದುದರಿಂದ, ನಿಮ್ಮ ಮನೆಯ ಸೇರಿನ ಅಳತೆ ನಿಮ್ಮ ನಾಡಿನ ಹಳೆಯ ಗೇಣಿ, ಕೂಲಿಗಳ ಲೆಕ್ಕಕ್ಕೇ ಸಾಕ್ಷಿ. ಹಾಗೆಯೇ ಪುತ್ತರಿಯ (ಸುಗ್ಗಿ ಹಬ್ಬದ) ದಿನ ಕದಿರು ತಂದು ನೆರೆ (ಎಲೆಗಳೊಡನೆ ಕದಿರು ಸೇರಿಸಿದ ಕಟ್ಟು) ಕಟ್ಟುವಾಗ ಇವುಗಳಲ್ಲಿ ಯಾವುದಕ್ಕಾದರೂ ಕಟ್ಟುತ್ತಿದ್ದರೇ ಎಂಬುದನ್ನೂ ವಿಚಾರಿಸಿ.

ಕಕ್ಕಡ ಮಳೆ (ಭಾಗಮಂಡಲ ಕಡೆ)

ಎಲ್ಲರೂ ದೊಡ್ಡ ವಸ್ತುಗಳ ವಿಷಯ ಹೇಳಿದಿರಿ. ನಾನು ಚೆನ್ನೆಮಣೆಯ ಪರವಾಗಿ ಎರಡು ಮಾತು ಬರೆಯುತ್ತೇನೆ. ನಮ್ಮ ಅರೆಭಾಷೆಯ ಮನೆಗಳಲ್ಲಿ ಗದ್ದೆ ನಾಟಿ ಮುಗಿದು ಹೊರಗೆ ಕಾಲಿಡಲಾಗದ ಮಳೆಯ ದಿನಗಳಲ್ಲಿ ಇದು ಕೆಳಗಿಳಿಯುತ್ತಿತ್ತು. ಘಟ್ಟದ ಕೆಳಗೆ ತುಳುನಾಡಿನಲ್ಲಿಯೂ ಆಟಿ ತಿಂಗಳ ಆಟವೆಂದೇ ಇದಕ್ಕೆ ಹೆಸರು. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿಗಳು, ಸಾಮಾನ್ಯವಾಗಿ ಗುಳಿಗೆ ನಾಲ್ಕರಂತೆ 56 ಕಾಯಿಗಳು. ಕಾಯಿಗಳಿಗೆ ಮಂಜಾಡಿಯ ಕೆಂಪು ಬೀಜ ಶ್ರೇಷ್ಠ. ನುಣುಪಾಗಿರುವುದರಿಂದ ಬೆರಳಿಗೆ ತೊಡಕಾಗುವುದಿಲ್ಲ. ಅಕ್ಕತಂಗಿಯರು ಎದುರುಬದುರು ಕುಳಿತು ಆಡಬಾರದೆಂದು ಹಿರಿಯರು ಹೇಳುತ್ತಿದ್ದರು.

ಮಣೆಯ ಗುಳಿಗಳನ್ನು ಬೆರಳಿನಿಂದ ತಡವಿ ನೋಡಿ. ಒಳ್ಳೆಯ ಕೆಲಸಗಾರ ಮಾಡಿದ ಮಣೆಯಲ್ಲಿ ಗುಳಿಯ ಗೋಡೆ ಆಡುವವರ ಕಡೆಗೆ ತುಸು ಇಳಿಜಾರಾಗಿದ್ದು, ಮೂರು ಬೆರಳು ಹಾಕಿ ಒಂದೇ ಸಲಕ್ಕೆ ಎಲ್ಲ ಕಾಯಿಗಳನ್ನೂ ಬಾಚಿಕೊಳ್ಳಲು ಬರುತ್ತದೆ. ಪ್ರವಾಸಿಗರಿಗೆಂದು ಮಾಡುವ ಕೆಲವು ಮಣೆಗಳಲ್ಲಿ ಕೊರೆಯುವ ಯಂತ್ರದಿಂದ ನೆಟ್ಟಗೆ ತೋಡಿದ ಗುಳಿಗಳಿರುತ್ತವೆ. ಅವು ನೋಡಲು ಚೊಕ್ಕ, ಆದರೆ ಕೊನೆಯ ಕಾಯಿ ಮೂಲೆಯಲ್ಲಿ ಉಳಿದು ಆಟದ ಓಟವೇ ನಿಂತುಹೋಗುತ್ತದೆ. ಆಡದವರು ಮಾಡಿದ್ದೆಂದು ಕೂಡಲೇ ತಿಳಿಯುತ್ತದೆ. ಕೈಯಾಲೆಯವರೇ, ಚೆನ್ನೆಮಣೆಯನ್ನು ಯಾರಿಗೂ ಕೊಡಬೇಡಿ. ಮನೆಯ ಮಕ್ಕಳಿಗೆ ಆಡಲು ಕೊಡಿ. ಅದಕ್ಕೆ ಯಾವ ಸಂರಕ್ಷಣೆಯ ಖರ್ಚೂ ಇಲ್ಲ.

ಕಾನೂನು ಓದಿದವನು (ಕುಶಾಲನಗರ)

ಎರಡು ಎಚ್ಚರಿಕೆಗಳು. ಕೊಳ್ಳಲು ಬಂದ ವ್ಯಾಪಾರಿ ಹೊರದೇಶದ ಗಿರಾಕಿಗಳ ಮಾತು ಎತ್ತಿದ್ದರೆ ಜಾಗರೂಕರಾಗಿರಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲೆ ಮತ್ತು ಕರಕುಶಲದ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ; ಅಂಥವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ನಿಮ್ಮ ಬಾಗಿಲವಾಡ ಆ ವಯಸ್ಸಿನದಾಗಿರುವ ಸಂಭವವಿದೆ.

ಇನ್ನೊಂದು, ಹೊಸದಾಗಿ ಮಾಡಿಸುವವರಿಗೆ. ಬೀಟೆ ಮರದ ವಿಷಯದಲ್ಲಿ ನಿಯಮಗಳು ಬಹಳ ಬಿಗಿ. ಆ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿಯೂ ಇವೆ. ಕೊಡಗಿನಲ್ಲಿ ಬಾಣೆ ಜಾಗದ (ಗದ್ದೆಗೆ ಸೇರಿಸಿ ಸೊಪ್ಪು, ಸೌದೆಗೆಂದು ಬಿಟ್ಟ ಜಾಗದ) ಮರದ ಹಕ್ಕು ಆ ಜಾಗ ರಿಡೀಮ್ಡ್ ಆಗಿದೆಯೇ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದೆಯೇ) ಇಲ್ಲವೇ ಎಂಬುದನ್ನು ಅವಲಂಬಿಸಿರುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ಗಾಳಿಗೆ ಬಿದ್ದ ಮರವೇ ಆದರೂ, ಕೊಯ್ದು ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲಿ ಅನುಮತಿ ಪಡೆಯಿರಿ.

ಕೈಯಾಲೆ (ವಿರಾಜಪೇಟೆ ಕಡೆ)

ಎಲ್ಲರ ಬರಹಗಳನ್ನೂ ಒಕ್ಕದ ಸಭೆಯಲ್ಲಿ ಓದಿ ಹೇಳಿದೆ. ನಡೆದುದನ್ನು ತಿಳಿಸುವುದು ನನ್ನ ಕರ್ತವ್ಯ.

ವ್ಯಾಪಾರಿಗೆ ಕೊಡುವುದಿಲ್ಲವೆಂದು ತೀರ್ಮಾನವಾಗಿದೆ. ಬಾಗಿಲವಾಡವನ್ನು ಕನ್ನಿಕೊಂಬರೆಯ (ಹಿರಿಯರನ್ನು ನೆನೆಯುವ ಮೂಲೆಕೋಣೆಯ) ಹೊರಗಿನ ಓಣಿಗೆ ಕೂರಿಸಲು ಜಾಗವಿದೆಯೆಂದು ಮಾಡಿನ ಕೆಲಸದವರು ಹೇಳಿದ್ದಾರೆ; ಕೆಳಗಿನ ಹೊಸ್ತಿಲ ಭಾಗ ಮಾತ್ರ ಗೆದ್ದಲಿಗೆ ಹೋಗಿರುವುದರಿಂದ ಅಷ್ಟನ್ನು ಹೊಸ ಮರದಿಂದ ಕೂಡಿಸಬೇಕು. ಅತಿಥಿಮನೆಯವರು ಬೇಸರ ಮಾಡಿಕೊಳ್ಳಬಾರದು. ತಮ್ಮ ಅತಿಥಿಗಳನ್ನು ನಮ್ಮ ಮನೆಗೇ ಕರೆತಂದು ತೋರಿಸುವುದಾದರೆ ಸಂತೋಷವೆಂದು ನಮ್ಮ ಪಟ್ಟೆದಾರರು (ಒಕ್ಕದ ಮುಖ್ಯಸ್ಥರು) ಹೇಳಿದ್ದಾರೆ. ದನದ ಗಂಟೆಗಳಲ್ಲಿ ಒಂದು, ಕಡೆಗೋಲು ಮತ್ತು ಉಪ್ಪಿನ ಮರಿಗೆ ಇವು ಸಂಗ್ರಹಾಲಯಕ್ಕೆ ಹೋಗಲಿವೆ, ಮೇಷ್ಟ್ರು ಹೇಳಿದ ಕ್ರಮದಲ್ಲಿ ವಿವರ ಬರೆದ ಮೇಲೆ. ವಿವರ ಬರೆಯಲು ಕುಳಿತಾಗ ಅತ್ತೆಯವರು ಹೇಳಿದ ಒಂದು ಸಂಗತಿ ನಮಗೆ ಯಾರಿಗೂ ಗೊತ್ತಿರಲಿಲ್ಲ: ಉಪ್ಪಿನ ಮರಿಗೆಯ ಬುಡದಲ್ಲಿರುವ ಸಣ್ಣ ರಂಧ್ರ ಹುಳು ಕೊರೆದದ್ದಲ್ಲ, ಮಳೆಗಾಲದಲ್ಲಿ ಉಪ್ಪು ಕರಗಿ ಕೂಡುವ ನೀರು ಬಸಿಯಲೆಂದು ಮಾಡಿದ್ದು, ಮತ್ತು ಅದರ ಕೆಳಗೆ ಇಡುತ್ತಿದ್ದ ಗೆರಟೆಯಲ್ಲಿ ಸೇರಿದ ನೀರನ್ನು ದನಗಳ ಕಲಗಚ್ಚಿಗೆ ಹಾಕುತ್ತಿದ್ದರು.

ಚೆನ್ನೆಮಣೆ ಈಗಾಗಲೇ ಮಕ್ಕಳ ಕೈಯಲ್ಲಿದೆ. ನೂಪುಟ್ಟಿನ ಒರಳು, ದೊಡ್ಡ ಮರಿಗೆ ಮತ್ತು ಮುಕ್ಕಾಲಿ ಮನೆಯಲ್ಲಿಯೇ ಬಳಕೆಗೆ ಉಳಿಯುತ್ತವೆ. ಆದರೆ ಬೆಂಗಳೂರಿನ ನಮ್ಮ ತಮ್ಮನ ಮಗಳ ಮದುವೆಗೆ ಮುಕ್ಕಾಲಿ ಬೇಕು, ಐನ್‌ಮನೆಯದನ್ನು ಅಷ್ಟು ದೂರ ಒಯ್ಯಲು ಹಿರಿಯರಿಗೆ ಮನಸ್ಸಿಲ್ಲ. ಅದರಂತೆಯೇ ಇನ್ನೊಂದನ್ನು, ಒಂದೇ ದಿಮ್ಮಿಯಿಂದ, ಕೈಯಲ್ಲಿಯೇ ಮಾಡಿಸಬೇಕೆಂದು ಎಲ್ಲರೂ ಒಪ್ಪಿದ್ದಾರೆ. ನಾಪೋಕ್ಲಿನವರು ಈ ಕೆಲಸ ಹಿಡಿಯುವರೇ? ಕಳೆದ ಮಳೆಯಲ್ಲಿ ತೋಟದಲ್ಲಿ ಬಿದ್ದ ಹಲಸು ಒಂದಿದೆ, ಅನುಮತಿಗೆ ಅರ್ಜಿ ಕೊಟ್ಟಿದ್ದೇವೆ.

ಉಳಿ ಮತ್ತು ಕೊಡತಿ (ನಾಪೋಕ್ಲು)

ಖಂಡಿತ ಹಿಡಿಯುತ್ತೇನೆ ಅಕ್ಕನವರೇ. ಇಂಥ ಕೆಲಸ ಕೇಳಿಕೊಂಡು ಬರುವವರು ಇಲ್ಲದೆಯೇ ಕೈಗಳು ಕಿಟಕಿ, ಕಪಾಟುಗಳಿಗೆ ಸೀಮಿತವಾಗಿವೆ.

ಅನುಮತಿ ಬಂದ ಕೂಡಲೇ ದಿಮ್ಮಿಯನ್ನು ಬೇಕಾದುದಕ್ಕಿಂತ ಒಂದು ಅಡಿ ಉದ್ದವಾಗಿಯೇ ತುಂಡು ಮಾಡಿಸಿ, ಎರಡೂ ತುದಿಗಳಿಗೆ ಸಗಣಿ ಬಳಿದು ನೆರಳಿನಲ್ಲಿ ಇಡಿ. ತುದಿಗಳು ಬೇಗ ಒಣಗಿದರೆ ಅಲ್ಲಿಂದ ಬಿರುಕು ಹೊರಡುತ್ತದೆ. ದಿಮ್ಮಿಯ ನಟ್ಟನಡುವಿನ ತಿರುಳು ಮುಕ್ಕಾಲಿಯೊಳಗೆ ಬರಬಾರದು, ಬಂದರೆ ಮುಂದೊಂದು ದಿನ ಒಡೆಯುತ್ತದೆ. ಆದ್ದರಿಂದ ಸುತ್ತಳತೆ ದೊಡ್ಡದಿರುವ ಬುಡದ ಕಡೆಯ ತುಂಡೇ ಬೇಕು, ಅದನ್ನು ಸೀಳಿ ಒಂದು ಹೋಳಿನಿಂದ ಕಡೆಯುತ್ತೇನೆ. ಹಸಿಮರದಲ್ಲಿಯೇ ಒರಟು ಆಕಾರ ತೆಗೆದು, ಅದೇ ಮರದ ಚಕ್ಕೆಗಳ ರಾಶಿಯೊಳಗೆ ಹೂತು ನಿಧಾನವಾಗಿ ಒಣಗಿಸಿ, ಆಮೇಲೆ ನಯದ ಕೆಲಸ. ಆತುರ ಮಾಡುವಂತಿಲ್ಲ. ಮದುವೆ ಯಾವ ತಿಂಗಳೆಂದು ಈಗಲೇ ತಿಳಿಸಿದರೆ ಒಳ್ಳೆಯದು.

ಹಳೆಯ ಮುಕ್ಕಾಲಿಯನ್ನು ನನ್ನ ಅಂಗಳಕ್ಕೆ ತರುವುದು ಬೇಡ, ನಾನೇ ಬಂದು ಅಳತೆ ತೆಗೆದುಕೊಳ್ಳುತ್ತೇನೆ. ಮಣ್ಣಿನ ನೆಲ ಏರುತಗ್ಗಾಗಿದ್ದರೂ ಮೂರು ಕಾಲಿನ ಪೀಠ ಅಲುಗಾಡದೆ ನಿಲ್ಲುತ್ತದೆ, ಆದರೆ ಕಾಲುಗಳು ಹೊರಕ್ಕೆ ಎಷ್ಟು ಚಾಚಿರಬೇಕೆಂಬುದರಲ್ಲಿ ಹಿರಿಯರ ಲೆಕ್ಕ ಇದೆ, ಅದನ್ನು ವಸ್ತು ಇರುವ ನೆಲದ ಮೇಲೆಯೇ ನೋಡಬೇಕು. ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗನನ್ನೂ ಕರೆತರುತ್ತೇನೆ. ಅವನು ಒರಳಿನ ಕುಳಿಯನ್ನು ಒಮ್ಮೆ ಕೈಹಾಕಿ ತಡವಿ ನೋಡಲಿ. ಮೈಸೂರಿನ ತಂಗಿ ರಜೆಯಲ್ಲಿ ಊರಿಗೆ ಬರುವುದಿದ್ದರೆ ಅದೇ ದಿನ ಬರಲಿ, ಬಾಗಿಲವಾಡಕ್ಕೆ ಹೊಸ್ತಿಲು ಕೂಡಿಸುವಾಗ ಹಳೆಯ ಮರವನ್ನು ಎಷ್ಟು ಉಳಿಸಬಹುದೆಂಬುದನ್ನು ಇಬ್ಬರೂ ಕೂಡಿಯೇ ನಿರ್ಧರಿಸೋಣ.